ಅಜ್ಜಿಯ ಚೀಟಿ

ಬೇಲೂರು ನೋಡಿಕೊಂಡು ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಗುಡಿ ಸುತ್ತಿ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ ಮಕ್ಕಳೇ. ಪಕ್ಕದ ಬಸ್ತಿಹಳ್ಳಿಯಲ್ಲಿ 1133ರಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿ ಇದೆ. ಒಳಗಿನ ಕಂಬಗಳನ್ನು ಎಷ್ಟು ನುಣ್ಣಗೆ ಉಜ್ಜಿದ್ದಾರೆಂದರೆ, ಹತ್ತಿರ ನಿಂತರೆ ನಿಮ್ಮ ಮುಖವೇ ಸ್ವಲ್ಪ ಸೊಟ್ಟಗೆ ಕಾಣುತ್ತದೆ. ಗರ್ಭಗುಡಿಯಲ್ಲಿ ಕರಿಕಲ್ಲಿನ ಪಾರ್ಶ್ವನಾಥ ಸುಮ್ಮನೆ ನಿಂತಿದ್ದಾನೆ. ಪಾರ್ಶ್ವನಾಥನಂಥ ತೀರ್ಥಂಕರರಿಗೆ ಹಿಂದಿನದು, ಇಂದಿನದು, ಮುಂದಿನದು ಎಲ್ಲವೂ ಗೊತ್ತು ಎನ್ನುತ್ತಾರೆ ಜೈನರು. ಆ ಅರಿವಿನ ಹೆಸರು ಕೇವಲಜ್ಞಾನ. ಅವರವರು ಮಾಡಿದ್ದಕ್ಕೆ ಅವರವರೇ ಹೊಣೆ ಎನ್ನುವವರೂ ಜೈನರೇ.

ನಾಳೆ ನಾನು ಏನು ಮಾಡುತ್ತೇನೆಂದು ಇವತ್ತೇ ಯಾರಿಗೋ ಗೊತ್ತಿದ್ದರೆ, ಅದು ನನ್ನಿಷ್ಟ ಹೇಗಾದೀತು?

ಸ್ವಲ್ಪ ಅರಸೀಕೆರೆ ಕಡೆ ಹೋಗೋಣ. ಅಲ್ಲಿ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಹುಣ್ಣಿಮೆಗೆ ಜನ ಹತ್ತುತ್ತಾರೆ. ಯಾವತ್ತು ಹುಣ್ಣಿಮೆ ಎಂದು ಪಂಚಾಂಗದವರು ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕಿಸಿರುತ್ತಾರೆ. ಹಾಗಂತ ಪಂಚಾಂಗವೇನೂ ಚಂದ್ರನನ್ನು ಹಗ್ಗ ಕಟ್ಟಿ ಎಳೆಯಲಿಲ್ಲ. ಚಂದ್ರ ತನ್ನ ಪಾಡಿಗೆ ತಾನು ಸುತ್ತಿದ, ಲೆಕ್ಕ ಅವನ ಹಾದಿಯನ್ನು ಹಿಡಿಯಿತು, ಅಷ್ಟೆ. ಮೊದಲೇ ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ.

ಅದೇ ಹುಣ್ಣಿಮೆ ರಾತ್ರಿ ಬೆಟ್ಟದ ಮೇಲೆ ಮಳೆ ಬರುತ್ತದೆಯೇ? ಒಂದು ತಿಂಗಳು ಮೊದಲೇ ಹೇಳಿ ಎಂದರೆ ಹವಾಮಾನ ಇಲಾಖೆಯವರೂ ಕೈ ಚೆಲ್ಲುತ್ತಾರೆ. ಮಳೆಗೂ ಚಂದ್ರನಂತೆಯೇ ನಿಯಮಗಳಿವೆಯಲ್ಲ, ಮತ್ತೇಕೆ ಹೀಗೆ? 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿನಲ್ಲಿ ಹವೆಯ ಲೆಕ್ಕ ಮಾಡುತ್ತಿದ್ದರು. ಒಂದು ಲೆಕ್ಕವನ್ನು ಮತ್ತೊಮ್ಮೆ ಓಡಿಸಲು 0.506127 ಎಂಬ ಸಂಖ್ಯೆಯ ಬದಲು 0.506 ಎಂದಷ್ಟೇ ಕೊಟ್ಟು, ಕಾಫಿ ಕುಡಿಯಲು ಹೋದರು. ಬಂದು ನೋಡಿದರೆ, ಮೊದಮೊದಲು ಹಳೆಯ ಲೆಕ್ಕದ ಜೊತೆಗೇ ಸಾಗಿದ್ದ ಹವೆ ಆಮೇಲೆ ಪೂರ್ತಿ ಬೇರೆಯೇ ಆಗಿಬಿಟ್ಟಿತ್ತು! ಬಿಟ್ಟದ್ದು ಬರೀ ಚೂರು. ಗಾಳಿಯ ಪ್ರತಿ ಚೂರನ್ನೂ ಅಳೆಯಲು ನಮ್ಮಿಂದ ಎಲ್ಲಿ ಆಗುತ್ತದೆ?

ಈಗ ಚಂದ್ರನೂ ಅಲ್ಲದ, ಮಳೆಯೂ ಅಲ್ಲದ ನೀವು. ಅಜ್ಜಿಯ ಜೊತೆ ಒಂದು ಆಟ ಆಡಿ. ತಟ್ಟೆಯಲ್ಲಿ ಕೋಡುಬಳೆ, ಕೊಬ್ಬರಿ ಮಿಠಾಯಿ. ನೀವು ಯಾವುದನ್ನು ತೆಗೆಯುತ್ತೀರೆಂದು ಅಜ್ಜಿ ಚೀಟಿಯಲ್ಲಿ ಬರೆದು ಲೋಟದ ಕೆಳಗೆ ಇಡಲಿ. ತೆಗೆದುಕೊಳ್ಳಿ, ಆಮೇಲೆ ಚೀಟಿ ನೋಡಿ. ಬಹಳ ಸಲ ಅಜ್ಜಿಯೇ ಗೆಲ್ಲುತ್ತಾಳೆ. ಆದರೂ ಲೋಟದಡಿಯ ಚೀಟಿ ನಿಮ್ಮ ಕೈ ಎಳೆಯಲಿಲ್ಲ ತಾನೆ?

ಇನ್ನೊಂದು ಸುತ್ತು. ಈ ಸಲ ಚೀಟಿಯನ್ನು ಮೊದಲೇ ತೋರಿಸಲಿ. ‘ಕೋಡುಬಳೆ’ ಎಂದಿದ್ದರೆ ನೀವು ಹಟಕ್ಕೆ ಮಿಠಾಯಿಗೇ ಕೈ ಹಾಕುತ್ತೀರಿ. ಪಂಚಾಂಗ ಓದಿ ಚಂದ್ರ ಎಂದಾದರೂ ಹುಣ್ಣಿಮೆಯನ್ನು ಮುಂದೂಡಿದ್ದುಂಟೇ? ನಿಮ್ಮ ಭವಿಷ್ಯವನ್ನು ನಿಮಗೇ ಹೇಳಿದರೆ ಅದು ಸುಳ್ಳಾಗಬಹುದು. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ. ಬಸದಿಯ ಸ್ವಾಮಿ ಬಾಯಿ ಬಿಡದೆ ನಿಂತಿರುವುದೂ ಅದಕ್ಕೇ ಇರಬಹುದೇನೋ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ.

ಆ ಹಟವೂ ಮಿದುಳಿನ ಯಾವುದೋ ನಿಯಮದಂತೆಯೇ ಹುಟ್ಟುತ್ತದೆಯೇ, ಅಥವಾ ನಿಜವಾಗಿ ನಿಮ್ಮದೇ ಆಯ್ಕೆಯೇ? ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಬಂದಿಲ್ಲ. ಗೆದ್ದೆ ಎಂದು ಕುಣಿಯುವ ಮೊದಲು ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ. ನಮ್ಮಜ್ಜಿ ಹಿಂಬದಿಯಲ್ಲಿ ಬರೆದಿಟ್ಟಿದ್ದಳು: ‘ತೋರಿಸಿದರೆ ಇನ್ನೊಂದನ್ನೇ ತೆಗೀತಾನೆ.’