ಕರುಳಿನ ಓಲೆಕಾರರು

ಪೆಟ್ಟು ತಗುಲಿದ ಬೆರಳು ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುವುದನ್ನು ಎಲ್ಲರೂ ಕಂಡವರೇ. ವೈದ್ಯರು ಇದಕ್ಕೆ ಉರಿಯೂತ ಎನ್ನುತ್ತಾರೆ. ದೇಹವು ತನ್ನನ್ನು ಕಾಪಾಡಿಕೊಳ್ಳುವ ಬಗೆ ಇದು. ಕೆಲಸ ಮುಗಿದ ಮೇಲೆ ತಾನಾಗಿ ಶಮನವಾಗುತ್ತದೆ. ಇದೇ ಉರಿಯೂತ ಕರುಳಿನಲ್ಲಿ ಹುಟ್ಟಿ, ಶಮನವಾಗದೆ ವರ್ಷಗಟ್ಟಲೆ ನಿಂತರೆ? ಹೊಟ್ಟೆನೋವು, ರಕ್ತ ಬೆರೆತ ಭೇದಿ, ರಕ್ತಹೀನತೆ ಕಾಣಿಸಿಕೊಂಡು ಮೈ ಸೊರಗುತ್ತದೆ. ಇಂಥ ಬೇನೆಗಳಲ್ಲಿ ಮುಖ್ಯವಾದುವು ಎರಡು. ದೊಡ್ಡ ಕರುಳಿನ ಒಳಪೊರೆಯನ್ನು ಹುಣ್ಣುಮಾಡುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಂದ ಗುದದವರೆಗೆ ಎಲ್ಲಿಯಾದರೂ ತಲೆಹಾಕಿ, ಕರುಳಿನ ಗೋಡೆಯ ಆಳಕ್ಕೂ ಇಳಿಯಬಲ್ಲ ಕ್ರೋನ್ ಕಾಯಿಲೆ ಇನ್ನೊಂದು. ನ್ಯೂಯಾರ್ಕಿನ ಡಾಕ್ಟರ್ ಕ್ರೋನ್ ಮತ್ತು ಅವರ ಇಬ್ಬರು ಸಂಗಡಿಗರು 1932ರಲ್ಲಿ ಅದನ್ನು ವಿವರಿಸಿದರು.

ಈ ಉರಿ ಏಕೆ ಆರುವುದಿಲ್ಲ? ಕರುಳಿನ ಗೋಡೆ ದೇಹದ ಬಹುದೊಡ್ಡ ಗಡಿ. ಆಚೆ ಉಂಡ ಆಹಾರ ಮತ್ತು ಎಣಿಸಲಾರದಷ್ಟು ಬ್ಯಾಕ್ಟೀರಿಯಾ. ಈಚೆ ದೇಹದ ರಕ್ಷಕ ಜೀವಕಣಗಳ ದೊಡ್ಡ ಪಾಲು. ಈ ಕಾವಲಿನವರು ಕೇಡಿನ ರೋಗಾಣುವನ್ನು ಹೊಡೆಯಬೇಕು. ಆಹಾರವನ್ನೂ ನಿರಪಾಯದ ಅಣುಜೀವಿಗಳನ್ನೂ ಸೈರಿಸಬೇಕು. ಯಾವಾಗ ಕೈಯೆತ್ತಬೇಕು, ಯಾವಾಗ ಇಳಿಸಬೇಕು ಎಂದು ಅವರಿಗೆ ತಿಳಿಸುವ ಓಲೆಕಾರರಲ್ಲಿ ಕರುಳಿನ ಪೆಪ್ಟೈಡುಗಳೂ ಸೇರಿವೆ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಚಿಕ್ಕ ಸರ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಸಣ್ಣ ಕರುಳಿನ ಒಳಪೊರೆಯನ್ನು ಆಮ್ಲದೊಡನೆ ಅರೆದು, ಶೋಧಿಸಿ, ರಕ್ತನಾಳದೊಳಕ್ಕೆ ಕೊಟ್ಟರು. ಒಡನೆಯೇ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸಿತು. ಕರುಳು ರಕ್ತದ ಮೂಲಕ ಓಲೆ ಕಳಿಸುತ್ತದೆಂದು ಆಗ ತಿಳಿಯಿತು. ಇಂಥ ಓಲೆಗಳು ಜೀರ್ಣಕ್ರಿಯೆಗಷ್ಟೇ ಸಂಬಂಧಪಟ್ಟವೆಂದು ಬಹುಕಾಲ ಭಾವಿಸಿದ್ದರು. ಅವನ್ನು ಓದಬಲ್ಲ ಗ್ರಾಹಕಗಳು ರಕ್ಷಕ ಕಣಗಳ ಮೈಮೇಲೂ ಇವೆಯೆಂಬುದು ಮುಂದೆ ಗೊತ್ತಾಯಿತು.

ಎರಡು ಉದಾಹರಣೆ ಕೊಡುತ್ತೇನೆ. 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಕುದುರೆಯ ಮಿದುಳು ಮತ್ತು ಕರುಳುಗಳಲ್ಲಿ ಕಂಡ ವಸ್ತುವಿಗೆ ಸಬ್‌ಸ್ಟೆನ್ಸ್ ಪಿ ಎಂದು ಹೆಸರು. ಇದರಲ್ಲಿ 11 ಮಣಿಗಳು. ನರದ ತುದಿಗಳಿಂದ ಹೊರಟು ಇದು ರಕ್ಷಕ ಕಣಗಳನ್ನು ಕೆರಳಿಸುತ್ತದೆ. ರಕ್ತನಾಳಗಳಿಂದ ದ್ರವ ಜಿನುಗಿಸಿ ಊತ ತರುತ್ತದೆ. ಉರಿಯುವ ಕರುಳಿನಲ್ಲಿ ಇದರ ಗ್ರಾಹಕಗಳು ಹೆಚ್ಚಿರುವುದು ಕಂಡುಬಂದಿದೆ.

ಇನ್ನೊಂದನ್ನು 1970ರಲ್ಲಿ ಸಯೀದ್ ಮತ್ತು ಮುಟ್ ಹಂದಿಯ ಕರುಳಿನಿಂದ ಬೇರ್ಪಡಿಸಿದರು. 28 ಮಣಿಗಳ ಈ ಸರಕ್ಕೆ ಚಿಕ್ಕದಾಗಿ ವಿ.ಐ.ಪಿ. ಎನ್ನುತ್ತಾರೆ. ಇದರದು ಹೆಚ್ಚಾಗಿ ಸಮಾಧಾನದ ಮಾತು. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕಣಗಳು ಉರಿಯೂತ ಹೆಚ್ಚಿಸಲು ಸುರಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ಇದು ತಗ್ಗಿಸುತ್ತದೆ. ಕರುಳುಬೇನೆ ಬರಿಸಿದ ಇಲಿಗಳಿಗೆ ಇದನ್ನು ಚುಚ್ಚಿದಾಗ ಬೇನೆ ಇಳಿದದ್ದುಂಟು. ಆದರೂ ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ.

ಹಾಗಾದರೆ ಇದನ್ನೇ ರೋಗಿಗೆ ಕೊಡಬಾರದೇಕೆ? ರಕ್ತದಲ್ಲಿ ಇದು ಕೆಲವೇ ನಿಮಿಷಗಳಲ್ಲಿ ತುಂಡಾಗುತ್ತದೆ. ರಕ್ತದ ಒತ್ತಡವನ್ನೂ ಇಳಿಸುತ್ತದೆ. ಇದನ್ನೇ ಅತಿಯಾಗಿ ಸ್ರವಿಸುವ ಅಪರೂಪದ ಗೆಡ್ಡೆಯೊಂದಿದೆ. ಅದಾದವರಿಗೆ ನೀರಿನಂಥ ಭೇದಿ ಲೀಟರುಗಟ್ಟಲೆ ಆಗುತ್ತದೆ. ಒಂದು ಕಡೆ ತಂಪೆರೆಯುವುದು ಇನ್ನೊಂದು ಕಡೆ ಕೇಡಾಗಬಹುದು.

ರಕ್ಷಕ ಕಣಗಳ ಟಿ.ಎನ್.ಎಫ್. ಅನ್ನೇ ಅಡಗಿಸುವ ಇಂಜೆಕ್ಷನ್ ಅಮೆರಿಕದಲ್ಲಿ 1998ರಲ್ಲಿ ಕ್ರೋನ್ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಅನೇಕರು ಅದರಿಂದ ಚೇತರಿಸಿಕೊಂಡಿದ್ದಾರೆ. ಆದರೆ ಕಾವಲು ಸಡಿಲಿಸಿದರೆ, ದೇಹದಲ್ಲಿ ಅಡಗಿದ್ದ ಕ್ಷಯ ಎಚ್ಚರಗೊಳ್ಳಬಹುದು. ನಮ್ಮ ದೇಶದಲ್ಲಿ ಇದು ದೊಡ್ಡ ಮಾತು. ಕರುಳಿನ ಕ್ಷಯವೂ ಕ್ರೋನ್ ಕಾಯಿಲೆಯೂ ನೋಟಕ್ಕೆ ಅವಳಿಗಳಂತಿವೆ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಅಪಾಯ. ಪರೀಕ್ಷೆ ಮೊದಲು, ಮದ್ದು ಆಮೇಲೆ.

ಆದುದರಿಂದ ಮನೆಯಲ್ಲಿ ಯಾರಿಗಾದರೂ ವಾರಗಟ್ಟಲೆ ಭೇದಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಉಷ್ಣವೆಂದೋ ಮೂಲವ್ಯಾಧಿಯೆಂದೋ ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಚಿಕಿತ್ಸೆ ಪಡೆಯುತ್ತಿರುವವರು ಹಾಯೆನಿಸಿತೆಂದು ತಾವಾಗಿ ಮದ್ದು ನಿಲ್ಲಿಸಬಾರದು. ಹೊರಗೆ ನೋವು ಅಡಗಿದ್ದರೂ ಒಳಗೆ ಉರಿ ಆರಿದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು.