ಗೇಟಿನಾಚೆಯ ಅಂಗಡಿ



ಶಾಲೆಯ ಗೋಡೆಯ ಮೇಲೆ ಒಂದು ಬರಹವನ್ನು ನೀವೂ ನೋಡಿರುತ್ತೀರಿ. 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು. 2003ರ ಕಾಯ್ದೆ ಅದು. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಮಾರುವುದೂ ಅಪರಾಧವೇ. ಆದರೂ ಕೆಲವು ಕಡೆ ರಸ್ತೆ ದಾಟಿದರೆ ಪೆಟ್ಟಿಗೆ ಅಂಗಡಿ. ಪೆಪ್ಪರಮಿಂಟಿನ ಭರಣಿ, ಅದರ ಮೇಲೆಯೇ ತೂಗುವ ತಂಬಾಕಿನ ಪೊಟ್ಟಣಗಳ ಸರ.

ಮಕ್ಕಳು ಚಟಕ್ಕೆ ಬೀಳಲು ಕೈಗೆ ಸಿಗುವುದು ಒಂದು ಕಾರಣ, ಅಷ್ಟೆ. ಆ ದಾರಿಯಲ್ಲಿ ಹೋಗುವ ಮಕ್ಕಳೆಲ್ಲ ಅಲ್ಲಿ ನಿಲ್ಲುವುದಿಲ್ಲವಲ್ಲ. ನಿಲ್ಲುವವರು ಯಾರು? ಮನೆಯಲ್ಲಿ ದಿನಾ ಜಗಳ ಕೇಳುವವನು. ಅಪ್ಪ ಸೇದುವುದನ್ನು ನೋಡುತ್ತಲೇ ಬೆಳೆದವನು. ಅಂಕ ಕಡಿಮೆಯಾಗಿ, ದಡ್ಡ ಅನ್ನಿಸಿಕೊಂಡು ಹಿಂದಿನ ಬೆಂಚಿಗೆ ಸರಿದವನು. "ಒಂದ್ಸಲ ತಾನೇ, ಬಾರೋ" ಎನ್ನುವ ಗೆಳೆಯನಿಗೆ ಬೇಡ ಎನ್ನಲಾರದವನು. ಆ ವಯಸ್ಸಿನಲ್ಲಿ ಬೇಡ ಎನ್ನುವುದು ಕಷ್ಟವೇ; ಆಸೆಗೆ ಲಗಾಮು ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ವಯಸ್ಸು 25ರ ಹತ್ತಿರ ಬರಬೇಕು.

ಮೊಬೈಲಿನ ಆಟದ್ದೂ ಹೆಚ್ಚುಕಡಿಮೆ ಇದೇ ಕಥೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲೇ ಇಂಥ ತಂತ್ರಜ್ಞಾನದ ಗೀಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಪೆಟ್ಟಿಗೆ ಅಂಗಡಿಯಾದರೂ ರಾತ್ರಿ ಬಾಗಿಲು ಹಾಕುತ್ತದೆ. ಫೋನಿಗೆ ಆ ಪದ್ಧತಿಯೇ ಇಲ್ಲ!

ಹೊಡೆದು ಬೈದು ಚಟ ಬಿಡಿಸುತ್ತೇವೆ ಅನ್ನುವವರಿದ್ದಾರೆ. ನನಗಂತೂ ನಂಬಿಕೆಯಿಲ್ಲ. ಹೆದರಿದ ಮಗು ಮೊದಲು ಕಲಿಯುವುದು ಮುಚ್ಚಿಡುವುದನ್ನು. ಇವತ್ತು ಸಂಜೆ ಮಗ ಮನೆಗೆ ಬಂದಾಗ ಅಂಕದ ಮಾತು ಸ್ವಲ್ಪ ತಡವಾಗಲಿ. ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡಿದೆ ಅಂತ ಕೇಳಿ ನೋಡಿ. ದಿನಗಟ್ಟಲೆ ಅವನು ಬಾಯಿಯೇ ಬಿಡದಿದ್ದರೆ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.