ಬಗ್ಗಿಗೆ ಯಾವ ಬ್ಯಾಟರಿ?



ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಸದ್ದಿಲ್ಲದೆ ಓಡುವ ಪುಟ್ಟ ಗಾಡಿಯನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅದರ ಹೆಸರು ಬಗ್ಗಿ. ಮೈಸೂರಿನ ಮೃಗಾಲಯದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಬ್ಯಾಟರಿ ಗಾಡಿಯೂ ಅದರ ಬಳಗದ್ದೇ. ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ ಓದುವ ಹುಡುಗ "ನಮಗೂ ಗಾಲ್ಫಿಗೂ ಏನು ಸಂಬಂಧ?" ಎಂದು ಕೇಳಬಹುದು. ನಾಳೆ ಅವನ ಅಣ್ಣ ಸಾಲ ಮಾಡಿ ವಿದ್ಯುತ್ ಆಟೋ ಕೊಳ್ಳಲು ಹೊರಟರೆ, ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗೆ ಎದುರಾಗುವ ಪ್ರಶ್ನೆಯೇ ಅವನಿಗೂ ಎದುರಾಗುತ್ತದೆ: ಕಡಿಮೆ ಬೆಲೆಯ ಸೀಸ-ಆಮ್ಲ ಬ್ಯಾಟರಿಯೋ, ದುಬಾರಿಯಾದ ಲಿಥಿಯಂ ಬ್ಯಾಟರಿಯೋ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಂದು ಪೂರ್ವೋದಾಹರಣೆ ಇದೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ವಿದ್ಯುತ್ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 48 ವೋಲ್ಟ್ ಪಡೆಯಲಾಗಿತ್ತು. ಅನೇಕ ಗಾಲ್ಫ್ ಬಗ್ಗಿಗಳಲ್ಲಿ ಇರುವುದೂ ಇದೇ ಜೋಡಣೆ. 2009ರಲ್ಲಿ ರೇವಾ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿಯನ್ನೂ ತಂದಿತು.

ಮೊದಲು ಒಂದು ಎಚ್ಚರಿಕೆ. ಕಾರಿನ ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಬಗ್ಗಿಗೆ ಹಾಕಬಾರದು. ಅದರ ಫಲಕಗಳು ತೆಳು. ಕೆಲವೇ ಕ್ಷಣ ಹೆಚ್ಚು ವಿದ್ಯುತ್ ಕೊಡುವುದಕ್ಕೆ ಮಾಡಿದವು. ಬಗ್ಗಿಗೆ ಬೇಕಾದದ್ದು ಗಂಟೆಗಟ್ಟಲೆ ಕೊಟ್ಟು, ರಾತ್ರಿ ಮತ್ತೆ ತುಂಬಿಕೊಳ್ಳುವ ದಪ್ಪ ಫಲಕಗಳ ಬ್ಯಾಟರಿ.

ಈಗ ಲೆಕ್ಕಕ್ಕೆ ಬರೋಣ. 48 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಸೆಟ್ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 7.2 ಯೂನಿಟ್. ಆದರೆ ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಕುಗ್ಗುತ್ತದೆ. ಹಾಗಾಗಿ ಕೈಗೆ ಸಿಗುವುದು 3.6 ಯೂನಿಟ್. ಇನ್ನೊಂದು ಕಡೆ 51.2 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ. ಅದರಲ್ಲಿರುವುದು 5.12 ಯೂನಿಟ್, ಶೇಕಡ 80ರಷ್ಟು ಬಳಸಿದರೆ 4.1 ಯೂನಿಟ್. ಚೀಟಿಯ ಮೇಲೆ ಚಿಕ್ಕದಾಗಿ ಕಂಡದ್ದೇ ಹೆಚ್ಚು ಕೊಟ್ಟಿತು!

ಮುಂದಿನದು ಆಯುಷ್ಯ. ಸೀಸದ ಸೆಟ್ 600 ಸಲ, ಲಿಥಿಯಂ 2,400 ಸಲ ತುಂಬಿ ಬರಿದಾಗಬಲ್ಲವು ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಜೀವಮಾನದಲ್ಲಿ ಮೊದಲನೆಯದು 2,160 ಯೂನಿಟ್ ಕೊಟ್ಟರೆ, ಎರಡನೆಯದು 9,840 ಯೂನಿಟ್ ಕೊಡುತ್ತದೆ. ಅಂದರೆ ಸುಮಾರು ನಾಲ್ಕೂವರೆ ಪಟ್ಟು. ವರ್ಷಕ್ಕೆ 300 ದಿನ ಓಡುವ ಬಗ್ಗಿಯಾದರೆ, ಲಿಥಿಯಂ ಬೆಲೆ ಮೂರು ಪಟ್ಟು ಇದ್ದರೂ ಅದೇ ಅಗ್ಗ. ಕಡಿಮೆ ದರದ ಟೆಂಡರನ್ನು ಕಣ್ಣುಮುಚ್ಚಿ ಒಪ್ಪಿದ ಕ್ಲಬ್ ಎರಡೇ ವರ್ಷದಲ್ಲಿ ಮತ್ತೆ ಹಣ ಹೊಂದಿಸಬೇಕಾಗುತ್ತದೆ.

ಆದರೆ ಅವಸರದ ತೀರ್ಮಾನ ಬೇಡ. ಬಗ್ಗಿ ವಾರದ ಕೊನೆಯಲ್ಲಷ್ಟೇ, ವರ್ಷಕ್ಕೆ 100 ದಿನ ಓಡುವುದಾದರೆ? 2,400 ಸುತ್ತು ಮುಗಿಯಲು 24 ವರ್ಷ ಬೇಕು. ಅಷ್ಟರೊಳಗೆ ಬ್ಯಾಟರಿ ವಯಸ್ಸಿನಿಂದಲೇ ಸೋಲುತ್ತದೆ. ಸೀಸದ್ದು 5 ವರ್ಷ, ಲಿಥಿಯಂ 12 ವರ್ಷ ಬಾಳಿದರೆ ದೊರೆಯುವುದು ಕ್ರಮವಾಗಿ 1,800 ಮತ್ತು 4,920 ಯೂನಿಟ್. ಇದು ಮೂರು ಪಟ್ಟಿಗಿಂತ ಕಡಿಮೆ. ಈಗ ಸೀಸವೇ ಸ್ವಲ್ಪ ಅಗ್ಗ. ಬ್ಯಾಟರಿ ಅವೇ, ಬೆಲೆ ಅದೇ. ಬಳಸುವ ದಿನಗಳು ಬದಲಾದಾಗ ಉತ್ತರವೂ ಬದಲಾಯಿತು.

ಹಣದ ಜೊತೆಗೆ ಆರೈಕೆಯನ್ನೂ ತೂಗಬೇಕು. ಸೀಸ-ಆಮ್ಲ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಲ್ಲಿ ನೀರು ಸಲ್ಲದು. ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡ 4 ಮುಟ್ಟಿದರೆ ಒಂದು ಕಿಡಿ ಸಾಕು. ಆದ್ದರಿಂದ ಚಾರ್ಜ್ ಮಾಡುವ ಕೊಠಡಿಗೆ ಗಾಳಿ ಚೆನ್ನಾಗಿ ಆಡಬೇಕು, ಅಲ್ಲಿ ಬೀಡಿ ಸೇದಕೂಡದು. ಬರಿದಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಎಂಟರಲ್ಲಿ ಒಂದು ಸೋತಾಗ ಅದೊಂದನ್ನೇ ಹೊಸದಾಗಿ ಹಾಕುವುದೂ ಜಾಣತನವಲ್ಲ. ಹಳೆಯವು ಹೊಸದನ್ನು ತಮ್ಮ ಮಟ್ಟಕ್ಕೇ ಎಳೆಯುತ್ತವೆ.

ಲಿಥಿಯಂ ಬ್ಯಾಟರಿಗೆ ನೀರು ಬೇಡ, ಭಾರವೂ ಕಡಿಮೆ. ಆದರೆ ಪ್ರತಿ ಕೋಶವನ್ನೂ ಕಾಯುವ ನಿಯಂತ್ರಣ ಮಂಡಲ ಅದರೊಳಗೆ ಇರಲೇಬೇಕು; ಚಾರ್ಜರ್ ಕೂಡ ಅದಕ್ಕೆಂದೇ ಮಾಡಿದ್ದಾಗಿರಬೇಕು. ಆ ಚಾರ್ಜರುಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೊನೆಗೆ, ಸತ್ತ ಬ್ಯಾಟರಿಯ ಗತಿ. ಸೀಸ ವಿಷ, ಬೆಳೆಯುವ ಮಕ್ಕಳ ಮಿದುಳಿಗೆ ಅದರಿಂದ ಹೆಚ್ಚಿನ ಹಾನಿ. ಹಿತ್ತಲಿನಲ್ಲಿ ಒಡೆದು ಕರಗಿಸಿದರೆ ಹೊಗೆಯಲ್ಲೂ ಮಣ್ಣಿನಲ್ಲೂ ಅದು ಉಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಎರಡು ವರ್ಷಕ್ಕೊಮ್ಮೆ ಬದಲಾಗುವ ಸೆಟ್ಟಿನಿಂದ ಇಂಥ ತ್ಯಾಜ್ಯವೂ ಹೆಚ್ಚು.

ಮನೆಯಲ್ಲಿ ಯುಪಿಎಸ್ ಇದ್ದರೆ ಇಂದೇ ಅದರ ಬ್ಯಾಟರಿಯ ಚೀಟಿ ಓದಿ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ; ಯೂನಿಟ್ ಸಿಗುತ್ತದೆ. ಅದರಲ್ಲಿ ಎಷ್ಟನ್ನು ಬಳಸಬಹುದು, ವರ್ಷದಲ್ಲಿ ಎಷ್ಟು ದಿನ ಬಳಸುತ್ತೀರಿ, ಎಷ್ಟು ವರ್ಷ ಬಾಳೀತು ಎಂದು ಬರೆದುಕೊಳ್ಳಿ. ಬೆಲೆ ಎಷ್ಟೆಂದು ಅಂಗಡಿಯಲ್ಲಿ ವಿಚಾರಿಸುವುದು ಅದಾದ ಮೇಲೆ.